ಬೆಲ್ಲ ಹಚ್ಚಿದ ಸೋರೆಬುರುಡೆ

ಕಳೆದ ಶನಿವಾರ ಬೆಳಗಿನ ಪೂಜೆ ಮುಗಿಸಿ, ಮಂಡ್ಯದ ಗುತ್ತಲು ಬಡಾವಣೆಯ ನಮ್ಮ ಮನೆಯ ಜಗಲಿಗೆ ಬಂದು ಕುಳಿತಿದ್ದೆ. ಮೊಮ್ಮಗಳು ಇಂಚರ ಹೊಸದಾಗಿ ಕೊಂಡು ತಂದಿದ್ದ ಲೈಫ್ ಜಾಕೆಟ್ಟನ್ನು ಚೀಲದಿಂದ ತೆಗೆದು ನನ್ನ ಮುಂದೆ ಹರಡಿದಳು. ಕೇಸರಿ ಬಣ್ಣದ ಬಟ್ಟೆ, ಕಪ್ಪು ಪಟ್ಟಿಗಳು, ಹೆಗಲ ಬಳಿ ನೇತಾಡುವ ಒಂದು ಪುಟ್ಟ ಸೀಟಿ. ಭಾನುವಾರ ಅವಳೂ ಅವಳ ಗೆಳತಿಯೂ ಹೊಳೆಯಲ್ಲಿ ದೋಣಿ ನಡೆಸುವುದನ್ನು ಕಲಿಯಲು ಹೊರಟಿದ್ದರು. ಹೊಸ ಬಟ್ಟೆಯ ಆ ಖಾರವಾದ ವಾಸನೆ ಮೂಗಿಗೆ ಹತ್ತುತ್ತಿದ್ದಂತೆಯೇ ಊರಾಚೆಯ ಯಾವುದೋ ಆಲೆಮನೆಯಿಂದ ಗಾಳಿ ಬೆಲ್ಲದ ಪಾಕದ ಕಂಪನ್ನು ಹೊತ್ತು ತಂದಿತು. ಮಂಡ್ಯದವರಿಗೆ ಈ ಕಂಪು ಹೊಸದಲ್ಲ. ದಿನವೂ ಬರುತ್ತದೆ, ದಿನವೂ ಮರೆಯುತ್ತೇವೆ. ಆದರೆ ನೀರಿಗಿಳಿಯುವವರ ಉಡುಪೂ ಕುದಿಯುವ ಬೆಲ್ಲವೂ ಒಂದೇ ಉಸಿರಿನಲ್ಲಿ ನನ್ನೊಳಗೆ ಸೇರಿದಾಗ ಎದೆ ಹತ್ತು ವರ್ಷದ ಹುಡುಗಿಯದಾಗಿ ಹೊಡೆದುಕೊಳ್ಳತೊಡಗಿತು. ಅರುವತ್ತು ವರ್ಷಗಳಿಗೂ ಹಿಂದಿನ ಒಂದು ಬೇಸಿಗೆಯ ಬೆಳಗು ಕಣ್ಣ ಮುಂದೆ ಬಂದು ನಿಂತಿತು.

ಹಲಗೂರಿನಿಂದ ಎತ್ತಿನ ಗಾಡಿಯಲ್ಲಿ ಒಂದು ಗಳಿಗೆ ದೂರದಲ್ಲಿದ್ದ ನಮ್ಮ ತೊಟ್ಟಿಯ ಮನೆ ಈಗಿಲ್ಲ. ಆ ಮನೆಯ ಅಡುಗೆಕೋಣೆಯಲ್ಲಿ ಪೂರ್ವದ ಗೋಡೆಯ ಉದ್ದಕ್ಕೂ ಗೂಟಗಳಿದ್ದವು. ಒಂದೊಂದು ಗೂಟಕ್ಕೂ ಒಂದೊಂದು ಒಣಗಿದ ಸೋರೆಬುರುಡೆ ತೂಗುತ್ತಿತ್ತು. ಅವುಗಳಲ್ಲಿ ಅವರೆ, ಹೀರೆ, ಕುಂಬಳದ ಬೀಜಗಳನ್ನು ಬೂದಿ ಬೆರೆಸಿ ತುಂಬಿಡುತ್ತಿದ್ದರು. ಬೇರೆ ಮನೆಗಳಲ್ಲಿಯೂ ಬೀಜದ ಬುರುಡೆಗಳಿದ್ದವು, ನಿಜ. ಆದರೆ ನಮ್ಮ ಮನೆಯ ಒಂದೊಂದು ಬುರುಡೆಗೂ ಒಬ್ಬೊಬ್ಬರ ಹೆಸರಿತ್ತು. ಮನೆಯ ಮಕ್ಕಳು ಈಜು ಕಲಿಯುವಾಗ ಬೆನ್ನಿಗೆ ಕಟ್ಟಿಕೊಂಡ ಬುರುಡೆಗಳು ಅವು. ಕಲಿಕೆ ಮುಗಿದು, ಬುರುಡೆಯ ಹಂಗಿಲ್ಲದೆ ನೀರನ್ನು ದಾಟಬಲ್ಲೆವು ಎಂದಾದ ಮೇಲೆ ಅದರ ಬಾಯಿ ಬಿಚ್ಚಿ, ಬೀಜ ತುಂಬಿ, ಗೋಡೆಗೆ ಏರಿಸುತ್ತಿದ್ದರು. ಅಮ್ಮ ಬಿತ್ತನೆಯ ಕಾಲದಲ್ಲಿ "ದೊಡ್ಡಣ್ಣನಿಂದ ಒಂದು ಹಿಡಿ ಅವರೆ ತಕ್ಕೊಂಬಾ" ಎಂದರೆ ನಾವು ದೊಡ್ಡಣ್ಣನ ಬಳಿಗಲ್ಲ, ಗೋಡೆಯ ಬಳಿಗೆ ಓಡುತ್ತಿದ್ದೆವು. ಆ ಸಾಲಿನ ಕೊನೆಯಲ್ಲಿ ಎರಡು ಗೂಟಗಳು ಬರಿದಾಗಿದ್ದವು. ಒಂದು ನನ್ನದು, ಇನ್ನೊಂದು ಚಿಕ್ಕಪ್ಪನ ಮಗಳು ಸಾಕಮ್ಮನದು, ನಮ್ಮೆಲ್ಲರ ಬಾಯಲ್ಲಿ ಸಾಕುವಿನದು. ಉಣ್ಣಲು ಕುಳಿತಾಗಲೆಲ್ಲ ನನ್ನ ದೃಷ್ಟಿ ಆ ಬರಿದಾದ ಗೂಟದ ಮೇಲೆಯೇ ಇರುತ್ತಿತ್ತು.

ಈ ಪದ್ಧತಿಯನ್ನು ಮನೆಗೆ ತಂದವರು ನಮ್ಮ ತಂದೆಯವರ ಅಕ್ಕ, ಕೆಂಪತ್ತೆ. ಎತ್ತರದ ಆಳು, ಕಚ್ಚೆ ಹಾಕಿ ಸೀರೆ ಉಟ್ಟು ಬಾವಿಯ ಕಟ್ಟೆಯ ಮೇಲೆ ನಿಂತರೆಂದರೆ ಗಂಡಸರೂ ದಾರಿ ಬಿಟ್ಟು ನಡೆಯುತ್ತಿದ್ದರು. ಹುಟ್ಟಿನಿಂದ ಈಜು ಬಲ್ಲವರಲ್ಲ ಅವರು. ಹಿಂದೆ ಒಮ್ಮೆ ನೆಂಟರ ಊರಿನ ಕೆರೆಯಲ್ಲಿ ಎಮ್ಮೆ ತೊಳೆಯುತ್ತಿದ್ದ ಒಬ್ಬ ಹುಡುಗಿ ಅವರ ಕಣ್ಣೆದುರಿಗೇ ಮುಳುಗಿ ಹೋದಳಂತೆ. ಅದನ್ನು ಅವರು ಹೆಚ್ಚು ವಿವರಿಸುತ್ತಿರಲಿಲ್ಲ. ಕೇಳಿದರೆ ಒಂದೇ ಮಾತು: "ಇಪ್ಪತ್ ಜನ ನಿಂತಿದ್ವಿ ಕಣವ್ವ ಏರಿ ಮ್ಯಾಲೆ. ನಲವತ್ ಕೈ. ಒಂದ್ ಕೈಗೂ ಈಜು ಬತ್ತಿರ್ನಿಲ್ಲ." ಮನೆಗೆ ಹಿಂದಿರುಗಿದ ಮರುದಿನವೇ, ಮೂವತ್ತು ದಾಟಿದ ಆ ಹೆಂಗಸು, ಊರು ನಗುತ್ತಿದ್ದರೂ ಲೆಕ್ಕಿಸದೆ, ಬೆನ್ನಿಗೆ ಬುರುಡೆ ಕಟ್ಟಿಕೊಂಡು ತೋಟದ ಬಾವಿಗೆ ಇಳಿದರು. ಗೋಡೆಯ ಮೊದಲ ಗೂಟದ ಬುರುಡೆ ಅವರದೇ.

ಬೇಸಿಗೆ ಬಂತೆಂದರೆ ನಮ್ಮ ಬೆಳಗುಗಳಿಗೆ ಹಬ್ಬದ ಬಿಸಿ ಏರುತ್ತಿತ್ತು. ಕಣದ ಸುತ್ತ ಏಳು ಸುತ್ತು ಓಟ. ಬಳಿಕ ಹುಣಿಸೆಮರದ ಕೊಂಬೆಗೆ ಕಟ್ಟಿದ ಹಗ್ಗವನ್ನು ಕಾಲು ಸೋಕಿಸದೆ ಏರಬೇಕು. ಅದಾದ ಮೇಲೆ ಒಬ್ಬರನ್ನೊಬ್ಬರು ಬೆನ್ನ ಮೇಲೆ ಹೊತ್ತು ಬಾವಿಯವರೆಗೆ ನಡೆಯಬೇಕು. ಅತ್ತೆಯವರ ಬಳಿ ಒಂದು ಬಿದಿರಿನ ಬುಟ್ಟಿಯಿತ್ತು, ಆಪತ್ತಿನ ಬುಟ್ಟಿಯೆಂದೇ ಅದರ ಹೆಸರು. ಒಗೆದು ಮಡಿಸಿದ ಹಳೆಯ ಪಂಚೆಯ ತುಂಡುಗಳು, ಅರಿಸಿನ, ಮುರಿದ ಮೂಳೆಗೆ ಆಧಾರವಾಗಿ ಕಟ್ಟಲು ಬಿದಿರ ಸೀಳುಗಳು, ಒಂದು ಸುತ್ತು ಹಗ್ಗ. ಯಾರಾದರೊಬ್ಬರು ಕಾಲು ಮುರಿದವರಂತೆ ಮಲಗಬೇಕು, ಉಳಿದವರು ಕಟ್ಟು ಕಟ್ಟಬೇಕು. ಕಟ್ಟು ಸಡಿಲವಾದರೆ ಅತ್ತೆಯವರು ಮಲಗಿದ್ದವನನ್ನೇ ಎಬ್ಬಿಸಿ, "ನಡಿಯಲಾ, ಇವ್ರು ಕಟ್ಟಿದ್ ಕಾಲು ಊರ್ ಬಾಗ್ಲುಗಂಟ ಬಂದಾದಾ ನೋಡಾಣ" ಎಂದು ಓಡಿಸುತ್ತಿದ್ದರು. ಬಾವಿಯ ಮೊದಲ ಮೆಟ್ಟಿಲಿಗೆ ಅರಿಸಿನ, ಹೂವು ಏರಿಸಿ, ಗಂಗಮ್ಮನಿಗೆ ಕೈ ಮುಗಿದ ಮೇಲೆಯೇ ನೀರು. ಎಳೆಬಿಸಿಲು ಮೂರನೆಯ ಕಲ್ಲಿಗೆ ಇಳಿದಿರುತ್ತಿತ್ತು. ಪಾಚಿಯ, ತಣ್ಣನೆಯ ಕಲ್ಲಿನ ವಾಸನೆ ಮೇಲೇಳುತ್ತಿತ್ತು. ಆ ಕಟ್ಟೆಯ ಅಂಚಿನಲ್ಲಿ ನಿಂತು ಕಣ್ಣು ಮುಚ್ಚಿ ಹಾರುವ ಮುನ್ನಿನ ಒಂದು ಕ್ಷಣವಿದೆಯಲ್ಲ, ಓದುಗರೇ, ಅಷ್ಟು ದೊಡ್ಡ ಸಂಭ್ರಮವನ್ನು ನಾನು ಮುಂದೆ ಯಾವ ಸಂಪತ್ತಿನಲ್ಲಿಯೂ ಕಾಣಲಿಲ್ಲ.

ನಮ್ಮ ತಾತನವರು ಸಂಸ್ಕೃತವನ್ನೂ ಹಳಗನ್ನಡವನ್ನೂ ಬಲ್ಲವರು. ನನ್ನ ವಿದ್ಯೆಯ ಬೇರು ಇರುವುದು ಅವರ ಜಗಲಿಯಲ್ಲಿಯೇ. ಅವರು ಈಜುತ್ತಿರಲಿಲ್ಲ, ಈಜಿನ ಕಾಲವನ್ನು ಅಳೆಯುತ್ತಿದ್ದರು. ಅಳತೆಗೋಲು 'ನದೀ' ಶಬ್ದದ ವಿಭಕ್ತಿಗಳು. ನೀರಿನೊಳಗೆ ಉಸಿರು ಕಟ್ಟಿ ಕುಳಿತವರು ಮನಸ್ಸಿನಲ್ಲಿ ನದೀ, ನದ್ಯೌ, ನದ್ಯಃ ಎಂದು ಪ್ರಥಮಾ ವಿಭಕ್ತಿಯಿಂದ ಆರಂಭಿಸಿ, ಒಂದೊಂದಾಗಿ ಏಳನ್ನೂ ಹೇಳಿ ಸಪ್ತಮಿಯನ್ನು ಮುಗಿಸಿ ಮೇಲೇಳಬೇಕು. ಅವಸರದಲ್ಲಿ ನುಂಗಿ ಹೇಳಿದರೆ ಮೇಲೆ ಬಂದವರ ಮುಖ ನೋಡಿಯೇ ತಿಳಿದುಕೊಳ್ಳುತ್ತಿದ್ದರು. ನಾನು ಸಪ್ತಮಿಯವರೆಗೆ ಲೀಲಾಜಾಲವಾಗಿ ಹೋಗುತ್ತಿದ್ದೆ. ಸಾಕು ಚತುರ್ಥಿಗೇ ಎದ್ದು ಕೆಮ್ಮುತ್ತಿದ್ದಳು. ನನಗಿಂತ ಒಂದು ವರ್ಷ ಚಿಕ್ಕವಳು. ನೀರೆಂದರೆ ಅವಳಿಗೆ ಭಯ. ಆದರೂ ದಿನವೂ ಬರುತ್ತಿದ್ದಳು, ದಿನವೂ ನಡುಗುತ್ತ ಹಾರುತ್ತಿದ್ದಳು. ಭಯವಿದ್ದೂ ಹಾರುವವರ ಬೆಲೆ ಆಗ ನನಗೆ ತಿಳಿಯದು.

ಅತ್ತೆಯವರಿಗೆ ಎರಡು ಕಟ್ಟಳೆಗಳಿದ್ದವು. ಮೊದಲನೆಯದು, ಯಾರೂ ಒಂಟಿಯಾಗಿ ನೀರಿಗೆ ಇಳಿಯಬಾರದು; ಜೊತೆಯಿಲ್ಲದಿದ್ದರೆ ಆ ದಿನ ನೀರಿಲ್ಲ. ಎರಡನೆಯದು, ತನ್ನ ಬುರುಡೆಯನ್ನು ತಾನೇ ಪರೀಕ್ಷಿಸಬಾರದು. ಜೊತೆಯವರ ಬುರುಡೆಯನ್ನು ಕೊಳಗದ ನೀರಿನಲ್ಲಿ ಅದುಮಿ ಹಿಡಿದು ಏಳು ವಿಭಕ್ತಿಗಳನ್ನೂ ಹೇಳಬೇಕು. ಒಂದು ಗುಳ್ಳೆಯೂ ಏಳದಿದ್ದರೆ ಅವರ ಬೆನ್ನಿಗೆ ನಾವೇ ಕಟ್ಟಬೇಕು. "ನಿನ್ ಜೀವ ನಿನ್ ಕಣ್ಣಿಗೆ ಯಾವಾಗ್ಲೂ ಗಟ್ಟಿಯಾಗೇ ಕಾಣ್ತದೆ. ಅವ್ಳ ಕೈಗೆ ಕೊಡು, ಅವ್ಳು ನೋಡ್ತಾಳೆ" ಎನ್ನುತ್ತಿದ್ದರು. ಸಾಕುವಿನ ಬುರುಡೆಗೆ ನಾನು ಹೊಣೆ, ನನ್ನದಕ್ಕೆ ಅವಳು.

ಬೇಸಿಗೆಯ ಕೊನೆಯಲ್ಲಿ ಒಂದು ದಿನ ಇಡೀ ಮನೆ ಗಾಡಿ ಕಟ್ಟಿಕೊಂಡು ಶಿಂಷಾ ಹೊಳೆಗೆ ಹೋಗುತ್ತಿತ್ತು. ಅಲ್ಲೊಂದು ಶಾಂತವಾದ ಮಡು. ಆಚೆ ದಡದ ಅತ್ತಿಮರದ ಬುಡದಲ್ಲಿ ಗಂಗಮ್ಮನ ಕಲ್ಲು. ಆ ವರ್ಷ ಕಲಿತವರು ಬುರುಡೆ ಕಟ್ಟಿಕೊಂಡು ಮಡುವನ್ನು ದಾಟಿ, ತಂಬಿಟ್ಟಿನ ನೈವೇದ್ಯ ಮಾಡಿ, ಬುರುಡೆಯನ್ನು ಅಲ್ಲಿಯೇ ಬಿಚ್ಚಿ, ಬರಿಮೈಯಲ್ಲಿ ಈಜಿ ಹಿಂದಿರುಗಬೇಕು. ಹಿಂದಿರುಗಿದವರ ಬುರುಡೆ ಗೋಡೆಗೆ. ಆ ವರ್ಷದ ಸರದಿ ನಮ್ಮಿಬ್ಬರದು. ವಾರದಿಂದ ನನಗೆ ನಿದ್ದೆಯಿಲ್ಲ, ಊಟ ಸೇರದು. "ನಾಡಿದ್ದು ಹೊಳೆ, ನಾಡಿದ್ದು ಹೊಳೆ" ಎಂದು ಕುಣಿಯುತ್ತ, ಹೊರಡುವುದಕ್ಕೆ ಎರಡು ದಿನ ಮುಂಚೆ ಅಟ್ಟದಿಂದ ಬುರುಡೆಗಳನ್ನು ಇಳಿಸುವಾಗ ಸಾಕುವಿನ ಬುರುಡೆ ನನ್ನ ಕೈಜಾರಿ ಒರಳಿನ ಅಂಚಿಗೆ ಬಡಿಯಿತು. ಎತ್ತಿ ನೋಡಿದರೆ ಹೊಟ್ಟೆಯ ಭಾಗದಲ್ಲಿ ಕೂದಲೆಳೆಯಂತಹ ಒಂದು ಬಿರುಕು.

ಹೇಳಿದ್ದರೆ ಬೈಗುಳವಷ್ಟೇ ದೊರೆಯುತ್ತಿತ್ತು. ಆದರೆ ಸಾಕುವಿಗೆ ಬುರುಡೆಯಿಲ್ಲವೆಂದರೆ ಅವಳು ಇಳಿಯುವಂತಿಲ್ಲ. ಅವಳು ಇಳಿಯದಿದ್ದರೆ ನಾನೂ ಇಳಿಯುವಂತಿಲ್ಲ. ಹೊಸ ಬುರುಡೆ ಒಣಗಿ ಹದವಾಗಬೇಕಾದರೆ ಇನ್ನೊಂದು ವರ್ಷ. ಬಿರುಕಿಗೆ ಅರಗು ತುಂಬಬಹುದಿತ್ತು, ಅರಗಿನ ಡಬ್ಬಿ ಇದ್ದದ್ದು ಅತ್ತೆಯವರ ಪೆಟ್ಟಿಗೆಯಲ್ಲಿ. ಆಗ ನನ್ನ ಬುದ್ಧಿ ಹೋದದ್ದು ನಮ್ಮ ಗದ್ದೆಯ ಪಕ್ಕದ ಆಲೆಮನೆಗೆ. ಕೊಪ್ಪರಿಗೆಯ ಅಂಚಿನಲ್ಲಿ ಮಂದವಾಗಿ ಉಳಿದ ಪಾಕವನ್ನು ಕಬ್ಬಿನ ಸಿಬಿರಿನಲ್ಲಿ ಎತ್ತಿ ತಣ್ಣೀರಿಗೆ ಬಿಟ್ಟರೆ ಅದು ಗಾಜಿನಂತೆ ಬಿಗಿಯುತ್ತದೆ, ಹಲ್ಲಿಗೂ ಬಗ್ಗದು. ಅರಗಿಗಿಂತ ಇದೇ ಗಟ್ಟಿಯೆಂದು ನನ್ನ ತರ್ಕ. ಬೇರೆ ಸೀಮೆಯ ಮಕ್ಕಳಾಗಿದ್ದರೆ ಮಣ್ಣನ್ನೋ ಮೇಣವನ್ನೋ ಹುಡುಕುತ್ತಿದ್ದರೇನೋ. ನಾನು ಬಿಸಿ ಪಾಕವನ್ನು ಬಿರುಕಿನುದ್ದಕ್ಕೂ ಎಳೆದು, ಮೇಲೆ ಬೂದಿ ತಿಕ್ಕಿ, ಆರಿದ ಮೇಲೆ ಕೊಳಗದಲ್ಲಿ ಅದುಮಿ ಹಿಡಿದೆ. ಪ್ರಥಮಾ, ದ್ವಿತೀಯಾ, ತೃತೀಯಾ... ಸಪ್ತಮಿಯೂ ಮುಗಿಯಿತು, ಗುಳ್ಳೆಯೇಳಲಿಲ್ಲ. ನಾನು ದೇವರಿಗೆ ಕೈ ಮುಗಿದೆ! ಈಗ ನೆನೆದರೆ ಆ ಕೈಮುಗಿತಕ್ಕೇ ಹೆಚ್ಚು ನಾಚಿಕೆಯಾಗುತ್ತದೆ.

ಹೊಳೆಗೆ ಹೊರಟ ದಿನ ಎತ್ತುಗಳ ಕೊರಳ ಗಂಟೆ, ತಂಬಿಟ್ಟಿನ ಏಲಕ್ಕಿ, ಹಸಿ ಹುಲ್ಲು, ಹಾದಿಯ ಧೂಳು ಎಲ್ಲವೂ ಸೇರಿ ನಮಗೆ ಅಮಲೇರಿಸಿದ್ದವು. ಗಾಡಿಯ ಹಿಂಬದಿಯಲ್ಲಿ ಬುರುಡೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ಸಾಕು ಇದ್ದಕ್ಕಿದ್ದಂತೆ, "ಜಯಕ್ಕಾ, ಇದ್ಕ್ಯಾಕೆ ಇರ್ವೆ ಮುತ್ಕಂಡವೆ?" ಎಂದಳು. ಕೆಂಪಿರುವೆಗಳ ಒಂದು ಸಾಲು, ಬಿರುಕಿನ ಗೆರೆಯನ್ನು ಹಿಡಿದು ಮೆರವಣಿಗೆ ಹೊರಟಿತ್ತು. "ತಂಬಿಟ್ಟಿನ್ ಬುಟ್ಟಿ ಪಕ್ಕ ಇತ್ತಲ್ಲ, ಅದ್ಕೆ ಕಣಮ್ಮಿ. ಕೊಡಿಲ್ಲಿ" ಎಂದು ಇರುವೆಗಳನ್ನು ಲಂಗದ ಅಂಚಿನಿಂದ ಕೊಡವಿದೆ. ಅವಳು ನನ್ನ ಮುಖವನ್ನು ಒಮ್ಮೆ ನೋಡಿ, ಬುರುಡೆಯನ್ನು ಮತ್ತೆ ತೊಡೆಯ ಮೇಲಕ್ಕೆ ಎಳೆದುಕೊಂಡಳು.

ಮಡು ಇಪ್ಪತ್ತು ಮಾರು ಅಗಲ. ಬೆಳಗಿನ ಬೆಳಕಿನಲ್ಲಿ ತಾಮ್ರದ ತಟ್ಟೆಯಂತೆ ಹೊಳೆಯುತ್ತಿತ್ತು. ಅತ್ತೆಯವರು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ನಮ್ಮ ಹಿಂದೆ ಈಜುವುದು. ಹಗ್ಗದ ತುದಿಯನ್ನು ದಡದಲ್ಲಿ ಹಿಡಿದು ನಿಲ್ಲುವುದು ಸಾಕುವಿನ ತಂದೆ, ನಮ್ಮ ಚಿಕ್ಕಪ್ಪ. ಮನೆಯ ನಡುವಯಸ್ಸಿನವರಲ್ಲಿ ಈಜು ಬಾರದಿದ್ದವರು ಅವರೊಬ್ಬರೇ. "ಮಗಳು ದಾಟ್ತಾಳೆ, ಅಪ್ಪ ದಡ ಕಾಯ್ತಾನೆ. ಏನ್ ಕಾಲ ಬಂತೋ!" ಎಂದು ಅತ್ತೆಯವರು ಕೆಣಕಿದರೆ, ಚಿಕ್ಕಪ್ಪ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡು, "ಅಗ್ಗ ಇಡಿಯೋನಿಲ್ದೆ ನೀನೆಲ್ಲಿ ದಾಟೀಯೆ ಅಕ್ಕಯ್ಯ? ಓಗ್ ಓಗು" ಎಂದರು. ಎಲ್ಲರೂ ನಕ್ಕರು. ನಾವಿಬ್ಬರೂ ನೀರಿಗೆ ಕಾಲಿಟ್ಟೆವು. ಕಾಲ ಕೆಳಗಿನ ಮರಳು ಸರಿದುಹೋಗಿ, ನೀರು ಎದೆಯನ್ನು ಎತ್ತಿಕೊಂಡಾಗ ನನಗಾದ ಹರ್ಷವನ್ನು ಏನೆಂದು ಹೇಳಲಿ! ಬಾವಿಗೆ ಗೋಡೆಯಿತ್ತು, ಹೊಳೆಗೆ ಆಕಾಶವಷ್ಟೇ ಇತ್ತು. ನಾನು ಬಿರುಕನ್ನೂ ಬೆಲ್ಲವನ್ನೂ ಮರೆತೆ. ಕೈ ಬೀಸಿದಷ್ಟೂ ಹೊಳೆ ನನ್ನದಾಗುತ್ತಿತ್ತು.

ನಡುಮಡುವಿನಲ್ಲಿ ಪಕ್ಕಕ್ಕೆ ತಿರುಗಿದೆ. ಸಾಕುವಿನ ಬುರುಡೆ ನೀರಿನ ಮೇಲೆ ಕಾಣುತ್ತಿರಲಿಲ್ಲ. ಅವಳ ಹೆಗಲಿನ ಬಳಿ ಸಣ್ಣ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತಿದ್ದವು. ಗಲ್ಲ ಮುಳುಗಿತ್ತು, ತುಟಿ ಮುಳುಗಿತು, ಕಣ್ಣುಗಳು ಮಾತ್ರ ನನ್ನನ್ನೇ ನೋಡುತ್ತಿದ್ದವು. ಅವಳು ಕೂಗಲಿಲ್ಲ. ಕೂಗಿದವಳು ನಾನು. "ಅತ್ತೇ! ಸಾಕು ಬುರುಡೆ ಒಡ್ದೈತೆ! ನಾನೇ ಒಡ್ದಿದ್ದು! ಬೆಲ್ಲ ಅಚ್ಚಿವ್ನೀ!"

ದಡದಲ್ಲಿ ಚಿಕ್ಕಪ್ಪ "ಅಯ್ಯೋ ನನ್ ಮಗಾ" ಎಂದು ಹಗ್ಗದೊಡನೆಯೇ ನೀರಿಗೆ ಧುಮುಕಲು ಹೋದರಂತೆ. ತಾತನವರು ಪಂಚೆ ಹಿಡಿದೆಳೆದು ಕೂರಿಸಿದರಂತೆ. ಅದನ್ನು ನಾನು ನೋಡಲಿಲ್ಲ. ಹಿಂದಿನಿಂದ ಅತ್ತೆಯವರ ಧ್ವನಿ ಬಾವಿಕಟ್ಟೆಯ ಮೇಲಿದ್ದಷ್ಟೇ ನೆಮ್ಮದಿಯಿಂದ ಬಂತು. "ಮುಟ್ಬ್ಯಾಡ ಕಣಮ್ಮಿ ಅವ್ಳ. ಇಬ್ರೂ ಓಗ್ತೀರಿ. ನಿನ್ ಬುರುಡೆ ಬಿಚ್ಚು. ಅವ್ಳ ಎದೆಗೆ ತಳ್ಳು." ಬಾವಿಯಲ್ಲಿ ನೂರು ಬಾರಿ ಮಾಡಿದ ಪಾಠ ಅದು, ಮುಳುಗುವವರಿಗೆ ಮೈ ಕೊಡಬಾರದು, ತೇಲುವುದನ್ನು ಕೊಡಬೇಕು. ನನ್ನ ಎದೆಯ ಮೇಲಿನ ಗಂಟು ಜಾರುಗಂಟು, ಒಂದೇ ಎಳೆತಕ್ಕೆ ಬಿಚ್ಚುವಂತೆ ಅದನ್ನು ಬೆಳಿಗ್ಗೆ ಕಟ್ಟಿದ್ದವಳು ಸಾಕುವೇ. ಎಳೆದೆ. ಬುರುಡೆಯನ್ನು ಅವಳತ್ತ ತಳ್ಳಿದೆ. ಎರಡು ಕೈಗಳು ನೀರಿನಿಂದ ಎದ್ದು ಅದನ್ನು ತಬ್ಬಿಕೊಂಡವು. ಅಷ್ಟರಲ್ಲಿ ಅತ್ತೆಯವರು ಅವಳ ಹಿಂದೆ ಬಂದು ಜಡೆ ಹಿಡಿದು ಮುಖವನ್ನು ಆಕಾಶಕ್ಕೆ ತಿರುಗಿಸಿ, "ಎಳಿಯೋ ತಮ್ಮಾ!" ಎಂದು ಕೂಗಿದರು. ಹಗ್ಗ ಬಿಗಿಯಿತು. ನನಗಾಗ ಅರಿವಾಯಿತು, ನನ್ನ ಬೆನ್ನಿನ ಮೇಲೆ ಏನೂ ಇಲ್ಲ, ಕೆಳಗೆ ನೆಲವಿಲ್ಲ, ನಾನು ಈಜುತ್ತಿದ್ದೇನೆ. ಅಳುತ್ತ ಈಜಿದೆ. ಹೊಳೆಯ ನೀರಿನಲ್ಲಿ ಅಳುವವರ ಕಣ್ಣೀರು ಯಾರಿಗೂ ಕಾಣಿಸದು.

ದಡದಲ್ಲಿ ಸಾಕು ಕೆಮ್ಮಿ, ನೀರು ಕಾರಿ, ಅಪ್ಪನ ತೊಡೆಯ ಮೇಲೆ ಮಲಗಿ ಉಸಿರಾಡಿದಳು. ಎಲ್ಲರೂ ನನ್ನನ್ನು ನೋಡುತ್ತಿದ್ದರು. ನನ್ನ ಅಪ್ಪ ಕೋಲು ಹುಡುಕುತ್ತಿದ್ದರು. ಕೆಂಪತ್ತೆ ನೀರು ತುಂಬಿದ ಬುರುಡೆಯನ್ನು ಎತ್ತಿ, ಓರೆ ಮಾಡಿ, ಬಿರುಕಿನಿಂದ ಸುರಿದ ನೀರನ್ನು ಬೊಗಸೆಗೆ ಹಿಡಿದು ಒಂದು ಗುಟುಕು ಕುಡಿದರು. ಬಳಿಕ ನನ್ನನ್ನು ನೋಡಿ, "ಏಲಕ್ಕಿ ಆಕಿದ್ರೆ ಸರ್ಯಾಗಿರೋದು. ಗಂಗಮ್ಮಂಗೆ ಪಾನಕ ಮಾಡ್ಕೊಟ್ಟಿದ್ದೀಯಲ್ಲೇ" ಎಂದರು. ಚಿಕ್ಕಪ್ಪನವರು ಮೊದಲು ನಕ್ಕರು, ಅಳುತ್ತಲೇ. ಆಮೇಲೆ ಎಲ್ಲರೂ. ಅಂದಿನಿಂದ ನಾನು ಮನೆಯಲ್ಲಿ ಪಾನಕದ ಜಯಮ್ಮಿ. ಪೆಟ್ಟು ಬೀಳಲಿಲ್ಲ, ಶಿಕ್ಷೆ ಮಾತ್ರ ಬಂತು. ಮುಂದಿನ ಎರಡು ಬೇಸಿಗೆ ಮನೆಯ, ನೆರೆಮನೆಯ ಎಲ್ಲ ಮಕ್ಕಳ ಬುರುಡೆಗಳನ್ನೂ ನಾನೇ ಪರೀಕ್ಷಿಸಬೇಕು. "ಕಳ್ರುನ್ನೇ ಕಾವ್ಲಿಗಾಕದಾ?" ಎಂದು ಅಮ್ಮ ಕೇಳಿದ್ದಕ್ಕೆ ಅತ್ತೆಯವರು, "ಇನ್ ಮ್ಯಾಲೆ ಅವ್ಳಷ್ಟು ನಿಗಾ ಮಾಡೋರು ಈ ಸೀಮೇಲೇ ಸಿಕ್ಕಕಿಲ್ಲ ಬುಡು" ಎಂದರು. ನನ್ನ ಬುರುಡೆ ಮೂರನೆಯ ವರ್ಷ ಗೋಡೆಗೆ ಏರಿತು. ಸಾಕುವಿನದನ್ನು ಆ ದಿನವೇ ಏರಿಸಿದರು, ಬಿರುಕನ್ನು ಮುಚ್ಚದೆ, ಬೀಜವನ್ನೂ ತುಂಬದೆ. ಬಹುಕಾಲ ಆ ಗೂಟದವರೆಗೆ ಇರುವೆಗಳ ಸಾಲೊಂದು ಗೋಡೆಯನ್ನು ಏರುತ್ತಲೇ ಇತ್ತು. ಸಾಕು ಮರುವರ್ಷ ಆ ಮಡುವನ್ನು ಬುರುಡೆಯಿಲ್ಲದೆಯೇ ದಾಟಿದಳು.

ಈಗ ಅತ್ತೆಯವರಿಲ್ಲ, ತಾತನವರು, ಚಿಕ್ಕಪ್ಪ ಯಾರೂ ಇಲ್ಲ. ಬಾವಿಯನ್ನು ಮಣ್ಣು ತುಂಬಿ ಮುಚ್ಚಿದರು. ಅದರ ಮೇಲೆ ಯಾರದೋ ಕಬ್ಬು ಬೆಳೆದು ನಿಂತಿದೆ. ಮನೆಯನ್ನು ಬಿಚ್ಚಿದಾಗ ಗೋಡೆಯ ಬುರುಡೆಗಳು ಅವರವರ ಪಾಲಿಗೆ ಹೋದವು. ಸಾಕುವನ್ನು ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆಗೆ ಕೊಟ್ಟಿದ್ದರು. ಅಲ್ಲಿಯೂ ಅವಳು ನೆರೆಯ ಹೆಣ್ಣುಮಕ್ಕಳಿಗೆಲ್ಲ ಈಜು ಕಲಿಸಿದಳು. ಕಳೆದ ವರ್ಷ ಅವಳು ಹಾಸಿಗೆ ಹಿಡಿದಾಗ ನೋಡಲು ಹೋಗಿದ್ದೆ. ಉಸಿರು ಸಾಲದೆ ತಡೆತಡೆದು ಮಾತನಾಡುತ್ತಿದ್ದಳು. ತಲೆದಿಂಬಿನ ಬಳಿ ಆ ಬುರುಡೆಯನ್ನು ತರಿಸಿ ಇಟ್ಟುಕೊಂಡಿದ್ದಳು. ನಾನು ಅರುವತ್ತು ವರ್ಷ ಎದೆಯಲ್ಲಿ ಇಟ್ಟುಕೊಂಡದ್ದನ್ನು ಅಂದು ಕೇಳಿದೆ: "ನನ್ನ ಮನ್ನಿಸಿದ್ದೀಯಾ ಸಾಕು?"

ಅವಳು ನಕ್ಕಳು. "ಏನ್ ಮನ್ನಿಸಾದು? ನಂಗ್ ಗೊತ್ತಿತ್ ಕಣಕ್ಕಾ. ಗಾಡೀಲಿ ಇರ್ವೆ ಕಂಡ್ವಲ್ಲ, ನೀನು ಆಕಡೆ ತಿರುಗ್ದಾಗ ಬೆರಳಲ್ಲಿ ಉಜ್ಜಿ ನೆಕ್ಕಿ ನೋಡ್ದೆ. ಬೆಲ್ಲ."

"ಗೊತ್ತಿದ್ದೂ ಯಾಕೆ ಇಳ್ದೆ?"

"ಏಳ್ಬುಟ್ಟಿದ್ರೆ ನಿಂಗೆ ಒಂದ್ ವರ್ಸ ಓಗೋದು. ಕುಣೀತಿದ್ದಲ್ಲ ನೀನು, ನಾಡಿದ್ದು ಒಳೆ, ನಾಡಿದ್ದು ಒಳೆ ಅಂತವ. ನೀನು ಪಕ್ದಾಗೇ ಇರ್ತೀಯಲ್ಲ ಅನ್ಕಂಡೆ." ಉಸಿರೆಳೆದುಕೊಳ್ಳಲು ನಿಂತು, ಬುರುಡೆಯ ಮೇಲೆ ಕೈಯಾಡಿಸಿದಳು. "ಮುಳುಗ್ದಾಗ ತಾತ ಏಳ್ಕೊಟ್ಟಂಗೆ ಸುರು ಮಾಡ್ದೆ. ನದೀ, ನದ್ಯೌ. ಸಪ್ತಮಿಗಂಟ ತಡ್ಕಬೇಕು ಅಂತಿದ್ದೆ. ತೃತೀಯಾ ಮುಗಿಯಕ್ ಮುಂಚೇನೇ ನಿನ್ ಬುರುಡೆ ಬಂತು ಕಣಕ್ಕಾ."

ಅದಾದ ಹತ್ತನೆಯ ದಿನ ಅವಳು ಹೋದಳು. ಬುರುಡೆಯನ್ನು ಅವಳ ಮಗಳು ನನಗೆ ತಂದುಕೊಟ್ಟಳು. ನಮ್ಮ ದೇವರಕೋಣೆಯಲ್ಲಿ ಗಂಗೆಯ ತಂಬಿಗೆಯ ಪಕ್ಕದಲ್ಲಿ ಅದು ಇದೆ.

ಭಾನುವಾರ ಬೆಳಿಗ್ಗೆ ಇಂಚರಳ ಗೆಳತಿ ಬಂದಳು. ಇಬ್ಬರನ್ನೂ ಜಗಲಿಯಲ್ಲಿ ನಿಲ್ಲಿಸಿ, ಒಬ್ಬಳ ಪಟ್ಟಿಯನ್ನು ಇನ್ನೊಬ್ಬಳ ಕೈಯಿಂದ ಎಳೆಸಿ ನೋಡಿಸಿದೆ. "ಅಜ್ಜಿ, ಇದು ಪರೀಕ್ಷೆಯಾಗಿಯೇ ಬಂದಿರುತ್ತೆ" ಎಂದು ಮೊಮ್ಮಗಳು ನಕ್ಕಳು. ನಗುತ್ತಲೇ ಗೆಳತಿಯ ಕೊಂಡಿಯನ್ನು ಮತ್ತೊಮ್ಮೆ ಎಳೆದು ನೋಡಿದಳು, ಅಷ್ಟು ಸಾಕೆನಿಸಿತು. ಅವರ ಸ್ಕೂಟರಿನ ಸದ್ದು ಬೀದಿಯ ತಿರುವಿನಲ್ಲಿ ಅಡಗಿತು. ಒಳಗೆ ಬಂದು ದೇವರಿಗೆ ನಮಸ್ಕರಿಸಿ, ಸಾಕುವಿನ ಬುರುಡೆಯನ್ನು ಎತ್ತಿಕೊಂಡು ಹಿತ್ತಲಿಗೆ ಹೋದೆ. ಬಕೆಟ್ಟಿಗೆ ನೀರು ತುಂಬಿ, ಎರಡು ಕೈಗಳಿಂದಲೂ ಅದನ್ನು ಅದುಮಿ ಹಿಡಿದು, ಪ್ರಥಮಾದಿಂದ ಹೇಳತೊಡಗಿದೆ. ತೃತೀಯಾ ಮುಗಿಯುವ ಮುನ್ನವೇ ಗುಳ್ಳೆಗಳು ಎದ್ದವು. ಒಂದೊಂದಾಗಿ ಮೇಲೆ ಬಂದು ಬಿಸಿಲಿನಲ್ಲಿ ಒಡೆದವು. ಕೈ ಸಡಿಲಿಸಲು ಮನಸ್ಸು ಬಾರದೆ, ಸಪ್ತಮಿಯವರೆಗೂ ಹಾಗೆಯೇ ಹಿಡಿದುಕೊಂಡಿದ್ದೆ.